ಮ್ಯೂಲ್ ಕಣಿವೆಯ ಬೆರಳಚ್ಚುಗಳು

ಹಿಂದಿನ ಸಂಜೆ ಅಮೆರಿಕದ ಬ್ಲಫ್ ಊರಿನ ಹತ್ತಿರ ಸ್ಯಾನ್ ಹ್ವಾನ್ ನದಿಯ ಪಕ್ಕದ ಸ್ಯಾಂಡ್ ಐಲೆಂಡ್ ಬಂಡೆ ನೋಡಿದ್ದೆವು. ಬಿಸಿಲಿಗೂ ಕಾಲಕ್ಕೂ ಕಪ್ಪಾದ ಮೇಲ್ಪದರವನ್ನು ಕಲ್ಲಿನಿಂದ ಕುಟ್ಟಿ ಕುಟ್ಟಿ, ಒಳಗಿನ ತಿಳಿ ಬಣ್ಣ ಕಾಣುವ ಹಾಗೆ ಮಾಡಿದ ಚಿತ್ರಗಳು. ಕೊಂಬಿನ ಕಾಡು ಕುರಿ, ಕೊಳಲು ಊದುವ ಗೂನುಬೆನ್ನಿನವನು. ಅವುಗಳ ಮೇಲೇ ಯಾರೋ ತಮ್ಮ ಹೆಸರು ಕೆತ್ತಿದ್ದಾರೆ, ನೋಡಿ ಹೊಟ್ಟೆ ಉರಿಯಿತು.

ಮರುದಿನ ಮ್ಯೂಲ್ ಕಣಿವೆ. ಇದು ಯೂಟಾ ರಾಜ್ಯದ ಆಗ್ನೇಯ ಮೂಲೆ. ಪಾಸ್ ತಗೊಂಡು, ಒಣಗಿದ ಹಳ್ಳದ ಜಾಡು ಹಿಡಿದು ಜೂನಿಪರ್ ಮರಗಳ ನಡುವೆ ಸುಮಾರು ಒಂದೂವರೆ ಕಿಲೋಮೀಟರ್ ನಡೆದೆವು, ಅಷ್ಟೇ. ತಲೆಯೆತ್ತಿದರೆ ‘ಹೌಸ್ ಆನ್ ಫೈರ್’. ಬಂಡೆಯ ಚಾಚಿನ ಕೆಳಗೆ ಕಲ್ಲು ಮಣ್ಣಿನ ಪುಟ್ಟ ಕೋಣೆಗಳು. ಬೆಳಗಿನ ಬಿಸಿಲು ಕೆಳಗಿನ ಬಂಡೆಗೆ ಬಡಿದು ಮೇಲಿನ ಚಾವಣಿಗೆ ಚಿಮ್ಮಿದಾಗ, ಅಲ್ಲಿರುವ ಕೆಂಪು ಕಿತ್ತಳೆ ಗೆರೆಗಳೆಲ್ಲ ಹೊತ್ತಿಕೊಂಡು, ಕೋಣೆಗಳ ಒಳಗಿಂದಲೇ ಜ್ವಾಲೆ ಏಳುತ್ತಿರುವ ಹಾಗೆ ಕಾಣುತ್ತದೆ.

ಎಲ್ಲರೂ ಚಾವಣಿಯ ಫೋಟೋ ತೆಗೆಯುತ್ತಿದ್ದರು. ನಾನು ಮಾತ್ರ ಗೋಡೆಯ ಹತ್ತಿರ ಜಾಸ್ತಿ ಹೊತ್ತು ಕೂತೆ, ಮುಟ್ಟದೆ. ಕಲ್ಲುಗಳ ಸಂದಿಗೆ ಹಸಿ ಮಣ್ಣು ತುಂಬಿ ಒತ್ತಿದ ಬೆರಳಿನ ಗುರುತು ಇನ್ನೂ ಹಾಗೇ ಇದೆ! ಸುಮಾರು 800 ವರ್ಷ ಹಳೆಯದು. ಕೋಣೆಗಳು ಮನುಷ್ಯರು ಮಲಗುವುದಕ್ಕೆ ತುಂಬಾ ಚಿಕ್ಕವು, ಮುಸುಕಿನ ಜೋಳ ಕೂಡಿಡುವ ಕಣಜಗಳಾಗಿದ್ದವು ಅನ್ನುತ್ತಾರೆ. ಮಳೆಯನ್ನೇ ನಂಬಿದ ಬೇಸಾಯ, ಒಂದು ವರ್ಷ ಕೈಕೊಟ್ಟರೆ ಈ ಕಣಜವೇ ಜೀವ. 1276ರಿಂದ 1299ರವರೆಗೆ ಈ ಕಡೆಯೆಲ್ಲ ದೊಡ್ಡ ಬರ ಬಿತ್ತು ಅಂತ ಹಳೆಯ ಮರಗಳ ಕಾಂಡದೊಳಗಿನ ವರ್ಷಕ್ಕೊಂದರಂತೆ ಬೆಳೆದ ಉಂಗುರಗಳು ಹೇಳುತ್ತವೆ. ಬರ ಒಂದೇ ಕಾರಣ ಅಲ್ಲದಿರಬಹುದು, ಆದರೂ 1300ರ ಹೊತ್ತಿಗೆ ಜನ ದಕ್ಷಿಣಕ್ಕೆ ಹೊರಟುಬಿಟ್ಟಿದ್ದರು.

ಈ ಕೋಣೆಗಳನ್ನು ಕಟ್ಟಿದ ಜನರನ್ನು ‘ಅನಸಾಜಿ’ ಅಂತ ಕರೆಯುವ ರೂಢಿ ಇದೆ. ಅದು ನವಾಹೊ ಬುಡಕಟ್ಟಿನವರ ಮಾತು, ‘ಶತ್ರುಗಳ ಪೂರ್ವಜರು’ ಅನ್ನುವ ಅರ್ಥ ಬರುತ್ತದೆ. ಇವರ ಮೊಮ್ಮಕ್ಕಳಾದ ಹೋಪಿ, ಜೂನಿ ಜನರಿಗೆ ಆ ಹೆಸರು ಇಷ್ಟವಿಲ್ಲ, ಇಷ್ಟವಾಗುವುದಾದರೂ ಹೇಗೆ, ಅಲ್ವಾ? ‘ಮಾಯವಾದ ಜನ’ ಅನ್ನುವುದೂ ತಪ್ಪು. ಈ ಕಣಿವೆಯೂ ಸೇರಿರುವ ಬೇರ್ಸ್ ಇಯರ್ಸ್ ಪ್ರದೇಶವನ್ನು 2016ರಲ್ಲಿ ರಾಷ್ಟ್ರೀಯ ಸ್ಮಾರಕ ಮಾಡಿಸಲು ಒಟ್ಟಾದ ಐದು ಬುಡಕಟ್ಟುಗಳಲ್ಲಿ ಹೋಪಿಗಳೂ ಜೂನಿಗಳೂ ಇದ್ದರು.

ವಾಪಸ್ ಬರುವಾಗ ಮಗನಿಗೆ ದಾರಿ ಪಕ್ಕದ ಮರಳಿನಲ್ಲಿ ಮಡಕೆಯ ಚೂರು ಸಿಕ್ಕಿತು, ಬಿಳಿಯ ಮೇಲೆ ಕಪ್ಪು ಗೆರೆ. ‘ಅಪ್ಪಾ, ಇದನ್ನೂ ಇಲ್ಲೇ ಬಿಡಬೇಕಾ?’ ಅಂದ. ಹೂಂ ಅಂದೆ. ಒಂದು ಕ್ಷಣ ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಎತ್ತಿದ ಗುಳಿಯಲ್ಲೇ, ಗೆರೆ ಕೆಳಗೆ ಮಾಡಿ ಮಲಗಿಸಿದ.