ಒಂಬತ್ತು ಜನರ ಕೈಯಲ್ಲಿ ಬೀಗದ ಕೈ

2025ರ ಜೂನ್ 10, ಮಂಗಳವಾರ. ಧಾರವಾಡ

ಬೆಳಗಿನಿಂದ ಜಿಟಿಜಿಟಿ ಮಳೆ. ಆಫೀಸಿಗೆ ಬಂದು ಛತ್ರಿ ಮೂಲೆಗಿಡುವಷ್ಟರಲ್ಲೇ ಫೋನು. ನಮ್ಮ ಸಂಸ್ಥೆಯ ಒಂದು ಕಾಲೇಜಿನ ಸೈಟ್ ನೋಡಿಕೊಳ್ಳುವ ಮೇಡಂ ಮಾಡಿದ್ದರು.

"ಸರ್, ಅಡ್ಮಿಷನ್ ವಿಚಾರಣೆಗೆ ಗೂಗಲ್ ಫಾರ್ಮ್ ಹಾಕಿದೆ. ಸೇವ್ ಮಾಡಿದ ಕೂಡಲೇ ಮಾಯ. ಮೂರು ಸಲ ಹಾಕಿದೆ, ಮೂರು ಸಲವೂ ಹೋಯ್ತು. ನನ್ನನ್ನೂ ಸೂಪರ್ ಅಡ್ಮಿನ್ ಮಾಡಿಬಿಡಿ. ಪಕ್ಕದ ಕಾಲೇಜಿನವರಿಗೆ ಮಾಡಿದ್ದೀರಲ್ಲ."

ಸಂಜೆಯೊಳಗೆ ಸರಿ ಮಾಡಿಕೊಡುತ್ತೇನೆ ಎಂದು ಹೇಳಿ ಇಟ್ಟೆ. ಆದರೆ ಆ ಕೊನೆಯ ಮಾತು ಮನಸ್ಸಿನಿಂದ ಹೋಗಲಿಲ್ಲ. ಸೂಪರ್ ಅಡ್ಮಿನ್ ಅಂದರೆ ನಮ್ಮ ಎಲ್ಲ ಸೈಟ್‌ಗಳ ಮೇಲೂ ಪೂರ್ತಿ ಅಧಿಕಾರ ಇರುವವರು. ಹೌದು, ಮಾಡಿದ್ದೆ. ಯಾರ್ಯಾರಿಗೆ ಮಾಡಿದ್ದೆ ಅನ್ನುವುದೇ ಸರಿಯಾಗಿ ನೆನಪಿರಲಿಲ್ಲ.

ನಮ್ಮ 23 ಸೈಟ್‌ಗಳೂ ಒಂದೇ ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟಿ ನಡೆಸುವ ತಂತ್ರಾಂಶ) ಮೇಲೆ ನಡೆಯುತ್ತವೆ. ಇದಕ್ಕೆ ಮಲ್ಟಿಸೈಟ್ ಅನ್ನುತ್ತಾರೆ. ಮೊದಲು ವರ್ಡ್‌ಪ್ರೆಸ್ ಎಂಯು ಎಂದು ಬೇರೆಯೇ ಇತ್ತು. 2010ರಲ್ಲಿ 3.0 ಬಂದಾಗ ಮುಖ್ಯ ವರ್ಡ್‌ಪ್ರೆಸ್ ಒಳಗೇ ಸೇರಿತು. ಹೊಸಬರಿಗೆ ಇದನ್ನು ಹೇಳಿಕೊಡುವಾಗ ನಾನು ವಠಾರದ ಚಿತ್ರ ಕೊಡುತ್ತೇನೆ. ಮನೆಗಳು ಬೇರೆ ಬೇರೆ, ಬಾವಿ ಒಂದೇ. ಪ್ರತಿ ಸೈಟ್‌ಗೂ ಅದರದೇ ಪೋಸ್ಟ್, ಅದರದೇ ಪುಟ, ಅದರದೇ ಸೆಟ್ಟಿಂಗ್. ಆದರೆ ಪ್ಲಗಿನ್ (ಸೈಟ್‌ಗೆ ಹೊಸ ಸೌಲಭ್ಯ ಸೇರಿಸುವ ತುಣುಕು), ಥೀಮ್ (ಸೈಟ್‌ನ ರೂಪ) ಎಲ್ಲರಿಗೂ ಸೇರಿ ಒಂದೇ. ಮುಖ್ಯವಾಗಿ ಬಳಕೆದಾರರ ಟೇಬಲ್, ಅಂದರೆ ಅವರ ಹೆಸರು, ಇಮೇಲ್, ಪಾಸ್‌ವರ್ಡ್ ಇರುವ ಪಟ್ಟಿ ಕೂಡ ಒಂದೇ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮಧ್ಯಾಹ್ನ ಅದೇ ನನ್ನ ಎದೆ ನಡುಗಿಸಿತು.

ಮನೆಯ ಯಜಮಾನ ಸೈಟ್ ಅಡ್ಮಿನ್. ಇಡೀ ವಠಾರದ ಯಜಮಾನ ಸೂಪರ್ ಅಡ್ಮಿನ್. ಸೈಟ್ ಅಡ್ಮಿನ್‌ಗೆ ಹೊಸ ಪ್ಲಗಿನ್ ತಂದು ಹಾಕಲು ಬರುವುದಿಲ್ಲ. ಬಳಕೆದಾರರನ್ನು ತನ್ನ ಸೈಟ್‌ನಿಂದ ತೆಗೆಯಬಹುದು, ನೆಟ್‌ವರ್ಕ್‌ನಿಂದಲೇ, ಅಂದರೆ ಇಡೀ ವಠಾರದಿಂದಲೇ, ಅಳಿಸುವಂತಿಲ್ಲ. ಬೇರೆಯವರ ಪ್ರೊಫೈಲ್ ತಿದ್ದುವಂತಿಲ್ಲ. ಪುಟದೊಳಗೆ ಐಫ್ರೇಮ್ ಕೋಡ್ (ಬೇರೆ ಸೈಟ್‌ನ ಪುಟವನ್ನು ನಮ್ಮ ಪುಟದೊಳಗೆ ತೋರಿಸುವ ಕೋಡ್) ಹಾಕಿದರೆ ಸೇವ್ ಮಾಡುವಾಗ ವರ್ಡ್‌ಪ್ರೆಸ್ ಅದನ್ನು ಕಿತ್ತು ಬಿಸಾಡುತ್ತದೆ. ಮೇಡಂ ಫಾರ್ಮ್ ಮಾಯವಾಗಿದ್ದು ಇದಕ್ಕೇ. ಒಂಟಿ ಸೈಟ್ ಆಗಿದ್ದರೆ ಅಡ್ಮಿನ್ ಹಾಕಿದ ಯಾವ ಕೋಡೂ ಹಾಗೇ ಉಳಿಯುತ್ತಿತ್ತು. ಮಲ್ಟಿಸೈಟ್‌ನಲ್ಲಿ ಆ ಹಕ್ಕು ಸೂಪರ್ ಅಡ್ಮಿನ್‌ಗೆ ಮಾತ್ರ. ಒಂದು ಮನೆಯವರು ಹಾಕಿದ ಕೆಟ್ಟ ಸ್ಕ್ರಿಪ್ಟ್ ಇನ್ನೊಂದು ಮನೆಯವರ ಲಾಗಿನ್ ಕದಿಯಬಾರದು ಅಂತ. ನ್ಯಾಯವಾದ ನಿಯಮ.

ಆದರೆ ಎದುರಿಗಿರುವವರಿಗೆ ಈ ನಿಯಮ ಕಾಣುವುದಿಲ್ಲ. ಕಾಣುವುದು ತಮ್ಮ ಫಾರ್ಮ್ ಹೋಯ್ತು ಅನ್ನುವುದಷ್ಟೇ. ಅವರು ಫೋನ್ ಮಾಡುತ್ತಾರೆ. ನನಗೆ ಬೇರೆ ಕೆಲಸ ಇರುತ್ತದೆ. ಸೂಪರ್ ಅಡ್ಮಿನ್ ಅನ್ನುವಲ್ಲಿ ಒಂದು ಟಿಕ್ ಹಾಕಿದರೆ ಮುಗಿಯಿತು. ವರ್ಷಗಟ್ಟಲೆ ಹೀಗೇ ನಡೆದಿದೆ.

ಹತ್ತು ಗಂಟೆಗೆ ಸರ್ವರ್‌ಗೆ ಹೋಗಿ ಕಮಾಂಡ್ ಲೈನ್‌ನಲ್ಲಿ ಸೂಪರ್ ಅಡ್ಮಿನ್ ಪಟ್ಟಿ ತೆಗೆದೆ. ಒಂಬತ್ತು ಹೆಸರು. ಇಬ್ಬರು ಕೆಲಸ ಬಿಟ್ಟೇ ಹೋಗಿದ್ದಾರೆ. ಒಬ್ಬರು ಈಗ ನಿವೃತ್ತರು. ನಿಜಕ್ಕೂ ಬೇಕಾದವರು ನಾನು ಮತ್ತು ನನ್ನ ಸಹೋದ್ಯೋಗಿ, ಇಬ್ಬರೇ.

ಸೂಪರ್ ಅಡ್ಮಿನ್ ಅನ್ನುವುದು ಎಡಿಟರ್, ಆಥರ್ ಥರದ ಒಂದು ರೋಲ್ (ಒಂದು ಸೈಟ್‌ನೊಳಗಿನ ಪಾತ್ರ) ಅಲ್ಲ. ನೆಟ್‌ವರ್ಕ್‌ನ ಒಂದು ಟೇಬಲ್‌ನಲ್ಲಿ, ಒಂದು ಸಾಲಿನಲ್ಲಿ ಕೂತಿರುವ ಲಾಗಿನ್ ಹೆಸರುಗಳ ಪಟ್ಟಿ. ಆ ಪಟ್ಟಿಯಲ್ಲಿದ್ದರೆ ಯಾವ ಸೈಟ್‌ಗೆ ಬೇಕಾದರೂ ಹೋಗಬಹುದು, ಅಲ್ಲಿ ಸದಸ್ಯರಾಗಿರಬೇಕು ಅಂತಿಲ್ಲ. ಅದಕ್ಕೇ ಆ ಸೈಟ್‌ನ ಬಳಕೆದಾರರ ಪುಟದಲ್ಲಿ ಅವರ ಹೆಸರು ಕಾಣದೇ ಇರಬಹುದು. ಒಬ್ಬ ಪ್ರಿನ್ಸಿಪಾಲರು ತಮ್ಮ ಕಾಲೇಜಿನ ಸೈಟ್ ತೆರೆದು, "ನಾಲ್ಕೇ ಜನ ಇದ್ದಾರೆ, ಎಲ್ಲರೂ ನಮ್ಮವರೇ" ಎಂದು ನೆಮ್ಮದಿಯಾಗಿರುತ್ತಾರೆ. ಇನ್ನೂ ಒಂಬತ್ತು ಜನರ ಹತ್ತಿರ ಆ ಮನೆಯ ಬೀಗದ ಕೈ ಇದೆ ಅಂತ ಅವರಿಗೆ ಗೊತ್ತೇ ಇಲ್ಲ. ಇದು ನನಗೆ ತುಂಬಾ ಬೇಜಾರು ಮಾಡಿತು. ಅವರು ನಮ್ಮನ್ನು ನಂಬಿ ಸೈಟ್ ಕೊಟ್ಟಿದ್ದಾರೆ.

ಕೆಲಸ ಬಿಟ್ಟ ಇಬ್ಬರಲ್ಲಿ ಒಬ್ಬರನ್ನು ತೆಗೆದೆ, ಹೋಯಿತು. ಇನ್ನೊಬ್ಬರದು ಹೋಗಲೇ ಇಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿರುವ ಅಡ್ಮಿನ್ ಇಮೇಲ್ ಇನ್ನೂ ಅವರದೇ! ಆ ಇಮೇಲ್ ಯಾರದೋ ಅವರ ಸೂಪರ್ ಅಡ್ಮಿನ್ ಪಟ್ಟವನ್ನು ಡ್ಯಾಶ್‌ಬೋರ್ಡ್‌ನಿಂದ ತೆಗೆಯಲು ವರ್ಡ್‌ಪ್ರೆಸ್ ಬಿಡುವುದಿಲ್ಲ. ಯಾರೂ ಇಲ್ಲದ ಹಾಗೆ ಆಗಬಾರದು ಅಂತ ಇಟ್ಟ ಕಾವಲು ಅದು. ಇಮೇಲ್ ಅನ್ನು ನಮ್ಮ ವಿಭಾಗದ ವಿಳಾಸಕ್ಕೆ ಬದಲಿಸಿದೆ. ಹೊಸ ವಿಳಾಸಕ್ಕೆ ದೃಢೀಕರಣದ ಪತ್ರ ಬಂತು, ಕೊಂಡಿ ಒತ್ತಿದೆ, ಆಮೇಲೆ ಅವರನ್ನು ತೆಗೆಯಲು ಆಯಿತು. ಅಂದರೆ ಇಷ್ಟು ದಿನ ನೆಟ್‌ವರ್ಕ್‌ನ ಎಲ್ಲ ಎಚ್ಚರಿಕೆ ಪತ್ರಗಳೂ ಕೆಲಸ ಬಿಟ್ಟವರ ಇನ್‌ಬಾಕ್ಸ್‌ಗೇ ಹೋಗುತ್ತಿದ್ದವು. ನಿವೃತ್ತರಾದವರ ಹೆಸರನ್ನೂ ತೆಗೆದೆ.

ಊಟ ಆದ ಮೇಲೆ ಇನ್ನೊಂದು ಸಿಕ್ಕಿತು. ಇದನ್ನು ಬರೆಯದೆ ಬಿಡುವಂತಿಲ್ಲ.

ಎರಡು ವರ್ಷದ ಹಿಂದೆ ಒಂದು ಸೈಟ್‌ನವರು, ನಮ್ಮ ಸಿಬ್ಬಂದಿಯ ಹೆಸರಿನ ಕಾಗುಣಿತ ತಿದ್ದಲೂ ನಿಮಗೇ ಫೋನ್ ಮಾಡಬೇಕಲ್ಲ ಎಂದು ಕೇಳಿದ್ದರು. ಕೇಳಿದ್ದು ಸರಿಯೇ. ನಾನು ಅವರ ಸೈಟ್‌ನ ಅಡ್ಮಿನ್ ರೋಲ್‌ಗೆ 'ಮ್ಯಾನೇಜ್ ನೆಟ್‌ವರ್ಕ್ ಯೂಸರ್ಸ್' ಅನ್ನುವ ಅನುಮತಿ ಸೇರಿಸಿದ್ದೆ. ರೋಲ್‌ಗಳು ಆಯಾ ಸೈಟ್‌ಗೆ ಬೇರೆ ಬೇರೆ ಉಳಿಯುತ್ತವೆ. ಹಾಗಾಗಿ ಅನುಮತಿಯೂ ಆ ಸೈಟ್‌ನೊಳಗೇ ಇರುತ್ತದೆ ಅಂದುಕೊಂಡಿದ್ದೆ.

ಅನುಮತಿ ಇದ್ದದ್ದು ಆ ಸೈಟ್‌ನಲ್ಲೇ. ಆದರೆ ಬಳಕೆದಾರರ ಟೇಬಲ್ ಎಲ್ಲರದೂ ಒಂದೇ, ಅಲ್ವಾ? ಇವತ್ತು ಒಂದು ಪರೀಕ್ಷಾ ಖಾತೆ ಮಾಡಿ, ಅದನ್ನು ಆ ಸೈಟ್‌ಗೆ ಅಡ್ಮಿನ್ ಮಾಡಿ ಲಾಗಿನ್ ಆದೆ. ಪ್ರೊಫೈಲ್ ತಿದ್ದುವ ಪುಟದ ವಿಳಾಸದಲ್ಲಿ ಬಳಕೆದಾರರ ಸಂಖ್ಯೆ ಇರುತ್ತದೆ. ಆ ಜಾಗದಲ್ಲಿ ಬೇರೆಯೇ ಕಾಲೇಜಿನ ಅಡ್ಮಿನ್ ಒಬ್ಬರ ಸಂಖ್ಯೆ ಹಾಕಿದೆ. ಪುಟ ತೆರೆಯಿತು. ಅವರ ಇಮೇಲ್, ಹೊಸ ಪಾಸ್‌ವರ್ಡ್ ಇಡುವ ಬಟನ್, ಎಲ್ಲ ನನ್ನ ಮುಂದೆ. ಪಾಸ್‌ವರ್ಡ್ ಬದಲಿಸಿ ಅವರಾಗಿ ಆ ಸೈಟ್‌ಗೆ ಒಳಗೆ ಹೋಗಬಹುದಿತ್ತು. ಸೂಪರ್ ಅಡ್ಮಿನ್‌ಗಳನ್ನು ಮಾತ್ರ ಮುಟ್ಟಲು ಬರುವುದಿಲ್ಲ, ಉಳಿದ ಎಲ್ಲರನ್ನೂ ಮುಟ್ಟಬಹುದು. ಅದೂ ಒಂದು ಕಾಗುಣಿತ ತಿದ್ದಲು ಕೊಟ್ಟ ಅನುಮತಿಯಿಂದ.

ಕೈ ತಣ್ಣಗಾಯಿತು. ಏನೂ ಬದಲಿಸದೆ ಪುಟ ಮುಚ್ಚಿದೆ. ಅನುಮತಿ ತೆಗೆದೆ. ಮತ್ತೆ ಅದೇ ವಿಳಾಸ ಹಾಕಿದಾಗ 'ಅನುಮತಿ ಇಲ್ಲ' ಎಂದು ಬಂತು. ಆಮೇಲೆ 23 ಸೈಟ್‌ಗಳ ರೋಲ್‌ಗಳನ್ನೂ ಒಂದೊಂದಾಗಿ ಓದುವ ಸಣ್ಣ ಸ್ಕ್ರಿಪ್ಟ್ ಓಡಿಸಿದೆ. ಇನ್ನೊಂದು ಸೈಟ್‌ನಲ್ಲೂ ಸಿಕ್ಕಿತು. ಅದನ್ನೂ ತೆಗೆದೆ. ಯಾರೂ ಅದನ್ನು ದುರುಪಯೋಗ ಮಾಡಿಕೊಂಡ ಗುರುತು ಲಾಗ್‌ನಲ್ಲಿ ಕಾಣಲಿಲ್ಲ. ಆದರೂ ತಪ್ಪು ನನ್ನದೇ. ಆ ಎರಡು ಸೈಟ್‌ಗಳವರಿಗೂ ನಡೆದದ್ದನ್ನು ಪತ್ರದಲ್ಲಿ ಬರೆದು ಕಳಿಸಿದೆ.

ಬರೀ ಕಿತ್ತುಕೊಂಡರೆ ಆಗುವುದಿಲ್ಲ. ಮೇಡಂಗೆ ಫಾರ್ಮ್ ಬೇಕು, ಅದೂ ಇವತ್ತೇ ಬೇಕು. ಅಡ್ಮಿಷನ್ ಶುರುವಾಗಿದೆ. ಜನ ಸೂಪರ್ ಅಡ್ಮಿನ್ ಆಗಬೇಕು ಅನ್ನುವುದು ಅಧಿಕಾರದ ಆಸೆಗಲ್ಲ, ಕೆಲಸ ನಿಂತುಹೋಗಿದೆ ಅಂತ. ಆ ಕೆಲಸ ಮಾಡುವ ದಾರಿ ಕೊಟ್ಟರೆ ಅವರು ಅದನ್ನು ಮತ್ತೆ ಕೇಳುವುದೂ ಇಲ್ಲ.

ಹಾಗಾಗಿ ಮಸ್ಟ್-ಯೂಸ್ ಪ್ಲಗಿನ್‌ಗಳ ಫೋಲ್ಡರ್‌ಗೆ ಒಂದು ಚಿಕ್ಕ ಫೈಲ್ ಬರೆದು ಹಾಕಿದೆ. ಅಲ್ಲಿಟ್ಟದ್ದು ಎಲ್ಲ ಸೈಟ್‌ಗಳಲ್ಲೂ ತಾನೇ ಓಡುತ್ತದೆ, ಡ್ಯಾಶ್‌ಬೋರ್ಡ್‌ನಿಂದ ಯಾರೂ ನಿಲ್ಲಿಸಲಾರರು. ಅದರಲ್ಲಿ ಮೊದಲು ಒಂದು ಶಾರ್ಟ್‌ಕೋಡ್, ಅಂದರೆ ಪುಟದಲ್ಲಿ ಬರೆಯುವ ಒಂದು ಚಿಕ್ಕ ಸಂಕೇತ. ಗೂಗಲ್ ಫಾರ್ಮ್‌ನ ವಿಳಾಸ ಕೊಟ್ಟರೆ ಸಾಕು, ಪುಟ ತೋರಿಸುವಾಗ ಐಫ್ರೇಮನ್ನು ಅದೇ ಹಾಕಿಕೊಳ್ಳುತ್ತದೆ. ಗೂಗಲ್ ಡಾಕ್ಸ್ ಬಿಟ್ಟು ಬೇರೆ ವಿಳಾಸ ಕೊಟ್ಟರೆ ಏನೂ ತೋರಿಸುವುದಿಲ್ಲ. ನಾಲ್ಕೂವರೆಗೆ ಮೇಡಂಗೆ ಹೇಳಿಕೊಟ್ಟೆ. ಐದು ನಿಮಿಷದಲ್ಲಿ ಫಾರ್ಮ್ ಬಂತು ಎಂದು ಫೋಟೋ ಕಳಿಸಿದರು. ಸೂಪರ್ ಅಡ್ಮಿನ್ ಮಾತು ಮತ್ತೆ ಬರಲಿಲ್ಲ.

ಎರಡನೆಯದು ಸೈಟ್ ಅಡ್ಮಿನ್‌ಗಳ ಬಗ್ಗೆ. ಒಬ್ಬ ಸೈಟ್ ಅಡ್ಮಿನ್ ಇನ್ನೊಬ್ಬರನ್ನೂ ಅಡ್ಮಿನ್ ಮಾಡಬಹುದು. ಹೀಗೆ ನಮ್ಮ ಒಂದು ಸೈಟ್‌ನಲ್ಲಿ ಹನ್ನೊಂದು ಅಡ್ಮಿನ್‌ಗಳಾಗಿದ್ದರು, ಅದರಲ್ಲಿ ವಿದ್ಯಾರ್ಥಿಗಳೂ ಇದ್ದರು. ಆಯ್ಕೆ ಮಾಡುವ ರೋಲ್‌ಗಳ ಪಟ್ಟಿಯಿಂದ ಅಡ್ಮಿನ್ ಅನ್ನುವುದನ್ನು ತೆಗೆಯುವ ಫಿಲ್ಟರ್ ಒಂದಿದೆ, ಅದನ್ನು ಸೂಪರ್ ಅಡ್ಮಿನ್ ಅಲ್ಲದವರಿಗೆಲ್ಲ ಹಾಕಿದೆ. ಇನ್ನು ಮುಂದೆ ಅವರು ಎಡಿಟರ್, ಆಥರ್, ಕಾಂಟ್ರಿಬ್ಯೂಟರ್ ಕೊಡಬಹುದು. ಇದರ ಜೊತೆಗೇ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ, ಸೈಟ್ ಅಡ್ಮಿನ್‌ಗಳು ಹೊಸ ಬಳಕೆದಾರರನ್ನು ಸೇರಿಸಬಹುದು ಅನ್ನುವ ಟಿಕ್ ಹಾಕಿದೆ. ಮಾಮೂಲಿಯಾಗಿ ಅದು ಖಾಲಿ ಇರುತ್ತದೆ, ನಾನೂ ಭಯದಿಂದ ಹಾಗೇ ಬಿಟ್ಟಿದ್ದೆ. ಹೊಸ ಲೆಕ್ಚರರ್ ಬಂದಾಗಲೆಲ್ಲ ನನ್ನ ದಾರಿ ಕಾಯುತ್ತಾ ಕೂರುವುದು ಅವರಿಗೂ ಬೇಡ, ನನಗೂ ಬೇಡ.

ಸೂಪರ್ ಅಡ್ಮಿನ್‌ಗಳ ಕೈ ಕಟ್ಟುವುದು ಮಾತ್ರ ಇಷ್ಟು ಸುಲಭ ಅಲ್ಲ. ಬಳಕೆದಾರರ ಅನುಮತಿ ಬದಲಿಸುವ ಮಾಮೂಲಿ ಫಿಲ್ಟರ್ ಅವರ ವಿಷಯದಲ್ಲಿ ಓಡುವುದೇ ಇಲ್ಲ, ಅದಕ್ಕೆ ಮೊದಲೇ ವರ್ಡ್‌ಪ್ರೆಸ್ 'ಸರಿ' ಅಂದುಬಿಟ್ಟಿರುತ್ತದೆ. ಇನ್ನೂ ಹಿಂದಿನ ಹಂತದಲ್ಲಿ, ಈ ಕೆಲಸಕ್ಕೆ ಯಾರಿಗೂ ಅವಕಾಶ ಇಲ್ಲ ಎಂದು ಹೇಳಿಟ್ಟರೆ ಮಾತ್ರ ತಡೆಯಬಹುದು. ಆ ಗೋಜಿಗೆ ಹೋಗುವ ಬದಲು ಪಟ್ಟಿಯನ್ನೇ ಚಿಕ್ಕದು ಮಾಡುವುದು ಮೇಲು ಅನಿಸಿತು.

ಈಗ ರಾತ್ರಿ ಒಂಬತ್ತೂವರೆ. ಮಳೆ ನಿಂತಿದೆ. ಪಟ್ಟಿಯಲ್ಲಿ ಆರು ಹೆಸರು ಉಳಿದಿವೆ, ಅದರಲ್ಲಿ ನಾಲ್ಕು ತೆಗೆಯಬೇಕು. ಹೇಳದೆ ಕೇಳದೆ ತೆಗೆಯಲು ಮನಸ್ಸಿಲ್ಲ, ಅವರೆಲ್ಲ ಕಷ್ಟಪಟ್ಟು ತಮ್ಮ ಸೈಟ್ ಕಟ್ಟಿದವರು. ಮೂವರಿಗೆ ನಾಳೆ ಫೋನ್ ಮಾಡುತ್ತೇನೆ. ನಾಲ್ಕನೆಯವರು ಹಿರಿಯ ಪ್ರಾಧ್ಯಾಪಕರು. ಮೊದಲ ಸೈಟ್ ಮಾಡಿದಾಗ ಎರಡು ರಾತ್ರಿ ನನ್ನ ಜೊತೆ ಕೂತವರು. ಅವರ ಮನೆಗೇ ಹೋಗಿ, ಅವರ ಸೈಟ್‌ನಲ್ಲಿ ಅವರು ಮಾಡುವ ಪ್ರತಿ ಕೆಲಸವೂ ಇನ್ನು ಹೇಗೆ ನಡೆಯುತ್ತದೆ ಎಂದು ಲ್ಯಾಪ್‌ಟಾಪ್‌ನಲ್ಲಿ ತೋರಿಸಿ ಬರುತ್ತೇನೆ. ಗುರುವಾರ ಸಂಜೆ ಬನ್ನಿ ಅಂದಿದ್ದಾರೆ.