ನಂಬರ್ ಹಾಕಿದ ಬೇಟೆ ಪುಸ್ತಕಗಳೂ ಎಸ್.ಎಸ್.ಪುರಂನ ಒಂದು ಭಾನುವಾರವೂ

ತುಮಕೂರಿನ ಕಡೆಯವ್ರಿಗೆ ಬೇಟೆ ಪುಸ್ತಕದ ಹುಚ್ಚು ಯಾಕೆ ಹಿಡಿಯುತ್ತೆ ಅಂತ ಹೊರಗಿನವ್ರಿಗೆ ಹೇಳಿದ್ರೆ ಅರ್ಥ ಆಗಲ್ಲ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ 1954ರಲ್ಲಿ ತಂದ ಮೊದಲನೇ ಪುಸ್ತಕದಲ್ಲೇ ನಮ್ಮ ದೇವರಾಯನದುರ್ಗದ ಹುಲಿ ಮೇಲೆ ಒಂದು ಅಧ್ಯಾಯ ಇದೆ, ನಾವು ಭಾನುವಾರ ಬೈಕ್ ತಗೊಂಡು ಹೋಗಿ ಕಡ್ಲೆಕಾಯಿ ತಿಂದು ಬರೋ ಬೆಟ್ಟ ಅದು. ಆಮೇಲೆ ತೇಜಸ್ವಿಯವ್ರು ಆಂಡರ್ಸನ್ನನ್ನ 'ಕಾಡಿನ ಕತೆಗಳು' ಅಂತ ಕನ್ನಡಕ್ಕೆ ತಂದ್ರಲ್ಲ, ಅದನ್ನ ಹೈಸ್ಕೂಲಲ್ಲಿ ಓದಿದವ್ರು ಯಾರೂ ಪೂರ್ತಿ ಆಚೆ ಬಂದಿಲ್ಲ ಅಂತ ನನ್ನ ಅಂದಾಜು. 2019-20ರಲ್ಲಿ ಹೆಬ್ಬೂರು ಕುಣಿಗಲ್ ಕಡೆ ಚಿರತೆ ಜನರನ್ನ ಕೊಂದಾಗ ಟೀ ಅಂಗಡೀಲಿ ನಡೀತಿದ್ದ ಮಾತೆಲ್ಲಾ ಆ ಪುಸ್ತಕದ ಧಾಟೀಲೆ ಇತ್ತು, ಎಲ್ಲಿ ಮಚಾನು (ಮರದ ಮೇಲೆ ಕಾಯೋ ಅಟ್ಟ) ಕಟ್ಬೇಕು, ಗಾಳಿ ಯಾವ ಕಡೆ ಬೀಸ್ತಿದೆ ಅಂತ. ಕೋವಿ ಮುಟ್ಟಿದವ್ನು ಒಬ್ನೂ ಇರ್ಲಿಲ್ಲ ಅಲ್ಲಿ.

ಇಷ್ಟು ಪೀಠಿಕೆ ಯಾಕಂದ್ರೆ, ಆವತ್ತು ನಮ್ಮ ಮೇಷ್ಟ್ರು (ರಿಟೈರ್ ಆದ ಇಂಗ್ಲಿಷ್ ಮೇಷ್ಟ್ರು, ನನಗೆ ಪಾಠ ಮಾಡಿದವ್ರಲ್ಲ, ಪುಸ್ತಕದಿಂದ ಆದ ಪರಿಚಯ) ಫೋನ್ ಮಾಡಿ "ಎಸ್.ಎಸ್.ಪುರಂನಲ್ಲಿ ಒಂದು ಮನೇಲಿ ಬೀರು ತುಂಬಾ ಬೇಟೆ ಪುಸ್ತಕ ಐತಂತೆ, ಲಿಮಿಟೆಡ್ ಎಡಿಷನ್ನಂತೆ, ಮಾರ್ತಾರಂತೆ, ಬರ್ತೀಯೇನಪ್ಪಾ" ಅಂದಾಗ ನಾನು ಚಪ್ಪಲಿ ಹಾಕ್ಕೊಂಡೇ ಮಾತಾಡ್ತಿದ್ದೆ.

ಮನೆ ಯಜಮಾನ್ರು ತೀರ್ಕೊಂಡು ಸ್ವಲ್ಪ ದಿನ ಆಗಿತ್ತು. ಜಾಂಬಿಯಾದ ತಾಮ್ರದ ಗಣೀಲಿ ಎಂಜಿನಿಯರ್ ಆಗಿದ್ದು ವಾಪಸ್ ಬಂದು ಇಲ್ಲಿ ಮನೆ ಕಟ್ಟಿದವ್ರಂತೆ, ಆಫ್ರಿಕಾ ಬಿಟ್ಟು ಬಂದ್ರೂ ಅದು ತಲೆಯಿಂದ ಹೋಗ್ಲಿಲ್ಲ, ಅಮೆರಿಕದಿಂದ ಈ ಪುಸ್ತಕಗಳನ್ನ ಪೋಸ್ಟಲ್ಲಿ ತರಿಸ್ಕೋತಿದ್ರು ಅಂತ ಅವ್ರ ಮನೆಯವ್ರು ಕಾಫಿ ಕೊಡ್ತಾ ಹೇಳಿದ್ರು. ವ್ಯಾಪಾರ ನೋಡ್ಕೋತಿದ್ದಿದ್ದು ಅಳಿಯ. ಬೆಂಗಳೂರಲ್ಲಿ ಸಾಫ್ಟ್‌ವೇರು, ಲ್ಯಾಪ್‌ಟಾಪಲ್ಲಿ ಎಕ್ಸೆಲ್ ಶೀಟ್ ಮಾಡಿ ಇಟ್ಟಿದ್ರು, ಪುಸ್ತಕದ ಹೆಸರು, ನಂಬರ್, ಡಾಲರ್ ಬೆಲೆ, ಪಕ್ಕದಲ್ಲಿ ರೂಪಾಯಿ. ಕೊನೇ ಸಾಲಲ್ಲಿ ಒಟ್ಟು ಮೊತ್ತ ಹಳದಿ ಬಣ್ಣದಲ್ಲಿ. ಆ ದುಡ್ಡಿಗೆ ಶಿರಾ ರೋಡಲ್ಲಿ ಸೈಟಿಗೆ ಅಡ್ವಾನ್ಸ್ ಕೊಡಬೋದಿತ್ತು.

ಬೀರು ಬಾಗಿಲು ತೆಗೆದ್ರೆ ನುಸಿಗುಳಿಗೆ ವಾಸ್ನೆ ಮೂಗಿಗೆ ಹೊಡೀತು. ಸಾಲಾಗಿ ಪುಸ್ತಕ ತೂರಿಸಿಡೋ ರಟ್ಟಿನ ಕೇಸು, ಕಡುಹಸಿರು, ಮರೂನ್, ಕಂದು. ನಾನು ಒಂದನ್ನ ಎಳೆದ್ರೆ ಬರ್ತಿಲ್ಲ, ವರ್ಷಗಟ್ಟಲೆ ಅಲ್ಲಾಡಿಸದೆ ಇಟ್ಟು ಚರ್ಮದ ರಟ್ಟು ಕೇಸಿನ ಒಳಗಿನ ಕಾಗದಕ್ಕೆ ಅಂಟ್ಕೊಂಡಿದೆ, ಬೋರಲು ಹಿಡಿದು ಮೆಲ್ಲಗೆ ಕುಲುಕಿ ಕುಲುಕಿ ಇಳಿಸ್ಬೇಕಾಯ್ತು. ಹಾಳೆ ಅಂಚಿಗೆಲ್ಲಾ ಬಂಗಾರದ ಬಣ್ಣ. ಬಿಡಿಸಿದ್ರೆ ಒಂದೊಂದು ಹಾಳೆನೂ ಟಿಕ್ ಟಿಕ್ ಅಂತ ಸಣ್ಣಗೆ ಸದ್ದು ಮಾಡ್ಕೊಂಡು ಬಿಟ್ಕೋತಾ ಇದೆ. ಅಂಚಿನ ಗಿಲ್ಟು ಹಾಳೆಗಳನ್ನ ಅಂಟಿಸಿರುತ್ತಲ್ಲ, ಮೊದಲ ಸಲ ಓದೋವಾಗ ಬಿಡುತ್ತೆ, ಅಂದ್ರೆ ಈ ಪುಸ್ತಕ ಅಚ್ಚಾಗಿ ಬಂದಾಗಿಂದ ಯಾರೂ ಓದಿಲ್ಲ. ಶುರುವಿನ ಹಾಳೇಲಿ ಇಂಗ್ಲಿಷಲ್ಲಿ, ಈ ಆವೃತ್ತಿ ಒಂದು ಸಾವಿರ ಪ್ರತಿಗಳಿಗೆ ಸೀಮಿತ, ಇದು ಇಷ್ಟನೇದು ಅಂತ, ನಂಬರ್ ಮಾತ್ರ ಇಂಕ್ ಪೆನ್ನಲ್ಲಿ ಕೈಯಲ್ಲಿ ಬರ್ದಿದ್ದು.

"ಓದ್ತಿರ್ಲಿಲ್ವಾಮ್ಮ ಸಾಹೇಬ್ರು?" ಅಂತ ಮೇಷ್ಟ್ರು ಕೇಳಿದ್ರು.

"ಅಯ್ಯೋ ಓದೋರಪ್ಪಾ, ರಾತ್ರಿಯೆಲ್ಲಾ ಓದೋರು. ಇವನ್ನಲ್ಲ. ಇವು ಹಾಳಾಗ್ತವೆ ಅಂತ ಇದೇ ಕತೆಗಳ್ನ ಬೇರೆ ಸಾದಾ ಪುಸ್ತಕ ತಂದು ಓದೋರು."

ಮೇಷ್ಟ್ರು ನನ್ನ ಮುಖ ನೋಡಿದ್ರು, ನಾನು ಕಿಟಕಿ ನೋಡ್ದೆ.

ಈಗ ಅಳಿಯಂದಿರ ವಾದ ಏನಪ್ಪಾ ಅಂದ್ರೆ, ಪ್ರಪಂಚದಲ್ಲಿ ಬರೀ ಸಾವಿರ ಇದೆ, ಇನ್ನು ಅಚ್ಚಾಗಲ್ಲ, ಸೋ ಬೆಲೆ ಏರ್ತಾನೇ ಹೋಗ್ಬೇಕು, ಇದು ಇನ್ವೆಸ್ಟ್‌ಮೆಂಟು ಸಾರ್. ಕೇಳಕ್ಕೆ ಚೆನ್ನಾಗಿದೆ. ಆದ್ರೆ ಸಾವಿರ ಅನ್ನೋದು ಎಷ್ಟು ಪ್ರತಿ ಇದೆ ಅಂತ ಹೇಳುತ್ತೆ ಅಷ್ಟೇ, ಎಷ್ಟು ಜನಕ್ಕೆ ಬೇಕು ಅಂತ ಹೇಳಲ್ಲ. ಆಫ್ರಿಕಾದ ಆನೆ ಬೇಟೆ ಮೇಲೆ ಚರ್ಮದ ಬೈಂಡಿನ ಪುಸ್ತಕಕ್ಕೆ ದುಡ್ಡು ಸುರಿಯೋ ಜನ ಇಡೀ ಪ್ರಪಂಚ ಹುಡುಕಿದ್ರೂ ಎಷ್ಟು ಸಿಗ್ತಾರೆ? ಇರೋರಲ್ಲಿ ಮುಕ್ಕಾಲು ಪಾಲು ಅಮೆರಿಕದ ವಯಸ್ಸಾದ ಬೇಟೆಗಾರರು ಅಂತ ನನ್ನ ಊಹೆ, ಅವ್ರ ಮಕ್ಕಳೂ ನಮ್ಮ ಈ ಅಳಿಯನ ಹಾಗೆ ಎಕ್ಸೆಲ್ ಶೀಟ್ ಇಟ್ಕೊಂಡು ಕೂತಿರ್ತಾರೆ. ಕ್ಯಾಲಿಫೋರ್ನಿಯಾದ ಸಫಾರಿ ಪ್ರೆಸ್, ನ್ಯೂಜೆರ್ಸಿಯ ಆಮ್‌ವೆಲ್ ಪ್ರೆಸ್ ಇಂಥವ್ರೆಲ್ಲಾ ಮಾಡಿದ್ದು ಒಳ್ಳೇ ಕೆಲ್ಸಾನೇ, ಕಾಗದ ಬೈಂಡಿಂಗ್ ಕಣ್ಣಿಗೆ ಒತ್ಕೋಬೇಕು ಹಾಗಿರುತ್ತೆ, ಸುಳ್ಳು ಹೇಳಲ್ಲ. ಆದ್ರೆ ಸಂಗ್ರಹ ಮಾಡೋರಿಗೆ ಅಂತಲೇ ಮಾಡಿದ ಪುಸ್ತಕವನ್ನ ಎಲ್ರೂ ಜೋಪಾನವಾಗಿ ಎತ್ತಿಟ್ಟಿರ್ತಾರೆ, ಸಾವಿರಕ್ಕೆ ಸಾವಿರವೂ ಬದುಕಿರುತ್ತೆ, ಒಂದೂ ಸಾಯಲ್ಲ. ಅಪರೂಪ ಆಗೋದು ಎಲ್ಲಿಂದ ಬರ್ಬೇಕು.

ನಿಜವಾಗಿ ಲಿಮಿಟೆಡ್ ಅಂದ್ರೆ ಯಾವುದು ಅಂತ ಮೇಷ್ಟ್ರು ಅಲ್ಲೇ ಕ್ಲಾಸ್ ಶುರು ಮಾಡಿದ್ರು. ಜಿಮ್ ಕಾರ್ಬೆಟ್ 1935ರಲ್ಲಿ ನೈನಿತಾಲಲ್ಲಿ ಸ್ವಂತಕ್ಕೆ 'ಜಂಗಲ್ ಸ್ಟೋರೀಸ್' ಅಂತ ನೂರು ಪ್ರತಿ ಹಾಕಿಸಿ ಗೊತ್ತಿರೋರಿಗೆ ಹಂಚಿದ್ದ, ಆಗ ಯಾರೂ ಅದನ್ನ ಕಲೆಕ್ಷನ್ ಅಂತ ಬೀರಲ್ಲಿ ಇಡ್ಲಿಲ್ಲ, ಅದಕ್ಕೇ ಈಗ ಕಣ್ಣಿಗೆ ಬಿದ್ರೆ ಪುಣ್ಯ. ಒಂಬತ್ತು ವರ್ಷ ಆದ್ಮೇಲೆ ಅದೇ ಬೆಳೆದು ಕುಮಾವೂಂ ನರಭಕ್ಷಕಗಳ ಪುಸ್ತಕ ಆಯ್ತು, ಅದು ಲಕ್ಷಗಟ್ಟಲೆ ಹೋಯ್ತು. ಇನ್ನೊಂದು, ಅಮೆರಿಕದ ಅಧ್ಯಕ್ಷ ಆಗಿದ್ದ ಥಿಯೊಡೋರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಬೇಟೆಗೆ ಹೋಗಿ ಬಂದು ಬರೆದ ಪುಸ್ತಕ, 1910ರಲ್ಲಿ ಎರಡು ಸಂಪುಟ, 500 ಸೆಟ್, ಪ್ರತಿಯೊಂದಕ್ಕೂ ಅವ್ನೇ ಸೈನ್ ಹಾಕಿದ್ದು. ಅದು ಲಿಮಿಟೆಡ್ಡೂ ಹೌದು, ಬೇಕಾದವ್ರೂ ಜಾಸ್ತಿ. ಬೇಟೆ ಪುಸ್ತಕ ಬೇಡ ಅನ್ನೋರಿಗೂ ಅಧ್ಯಕ್ಷರ ಸೈನ್ ಬೇಕಲ್ಲ.

ನಮ್ಮ ಮುಂದಿದ್ದ ಬೀರಲ್ಲಿ ಇದ್ದಿದ್ದು ಹೆಚ್ಚಿನವು ಸತ್ತುಹೋದ ಬೇಟೆಗಾರರ ಹಳೇ ಪುಸ್ತಕಗಳ ಮರುಮುದ್ರಣ. ಸತ್ತವ್ರು ಸೈನ್ ಹಾಕಕ್ಕಾಗಲ್ಲ, ಅದಕ್ಕೆ ಮುನ್ನುಡಿ ಬರೆದವ್ರ ಸೈನು. ಒಂದ್ರಲ್ಲಿ ಮಾತ್ರ ಲೇಖಕರದ್ದೇ ಸಹಿ ಇತ್ತು, ಅಳಿಯ ಅದನ್ನ ಬಹಳ ಹೆಮ್ಮೆಯಿಂದ ತೋರಿಸಿದ್ರು. ಬಿಡಿ ಹಾಳೆಗಳ ಕಟ್ಟು ಕಳಿಸಿ ಲೇಖಕರ ಹತ್ರ ಸೈನ್ ಹಾಕಿಸ್ಕೊಂಡು ಆಮೇಲೆ ಬೈಂಡ್ ಮಾಡೋ ಪದ್ಧತಿ ಇದೆ, ಹಂಗೇ ಆಗಿತ್ತು ಇದೂ, ಆ ಮಹಾನುಭಾವ ಈ ಪುಸ್ತಕವನ್ನ ಕೈಯಲ್ಲಿ ಹಿಡಿದಿದ್ದೂ ಇಲ್ಲ ಅಂತ ಮೇಷ್ಟ್ರು ಅಂದಾಗ ಅವ್ರ ಮುಖ ಸಪ್ಪಗಾಯ್ತು, ನಂಗೂ ಪಾಪ ಅನಿಸ್ತು.

ಪ್ಯಾಟರ್ಸನ್‌ದೂ ಒಂದಿತ್ತು, ಅವ್ನು ಹೊಡೆದ ಸಾವೋ ಸಿಂಹಗಳದ್ದು. 1898ರಲ್ಲಿ ಪೂರ್ವ ಆಫ್ರಿಕಾದಲ್ಲಿ ರೈಲು ಹಾಕೋವಾಗ ಕೂಲಿಗಳನ್ನ ಎಳ್ಕೊಂಡು ಹೋಗಿ ತಿಂದ ಎರಡು ಸಿಂಹ, ಆ ಕೂಲಿಗಳಲ್ಲಿ ಬಹಳ ಜನ ನಮ್ಮ ದೇಶದಿಂದ ಹೋದವ್ರು, ಓದೋವಾಗ ಹೊಟ್ಟೆ ಉರಿಯುತ್ತೆ. ಪುಸ್ತಕ ಮೊದ್ಲು ಬಂದಿದ್ದು 1907ರಲ್ಲಿ, ಈಗ ಕಾಪಿರೈಟ್ ಮುಗಿದು ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ. ನಮ್ಮ ಮೈಸೂರು ಸೀಮೇಲಿ ಕಾಡಾನೆ ಹಿಡಿಯೋ ಖೆಡ್ಡಾ ಮಾಡಿಸಿದ ಸ್ಯಾಂಡರ್ಸನ್ ಬರೆದಿದ್ದು 1878ರದ್ದು, ಅದೂ ಪುಕ್ಕಟೆ. ಅಂದ್ರೆ ಕತೆಗೋಸ್ಕರ ಕೊಳ್ಳೋ ಹಾಗಿದ್ರೆ ಇದಕ್ಕೆ ಸಾವಿರಾರು ರೂಪಾಯಿ ಕೊಡೋ ಅಗತ್ಯ ಇಲ್ಲ. ಬೈಂಡಿಂಗ್ ಇಷ್ಟ, ಕೈಯಲ್ಲಿ ಹಿಡ್ಕೊಂಡು ಓದೋ ಸುಖ ಬೇಕು ಅಂದ್ರೆ ಅದು ಬೇರೆ ಮಾತು, ಸುಖಕ್ಕೆ ಯಾರು ಲೆಕ್ಕ ಕೇಳ್ತಾರೆ.

ಬೆಲೆ ವಿಷಯಕ್ಕೆ ಬಂದಾಗ ಸ್ವಲ್ಪ ಬಿಸಿ ಆಯ್ತು. ಅಳಿಯ ತೋರಿಸ್ತಿದ್ದಿದ್ದು ಮಾರೋರು ಕೇಳ್ತಿರೋ ರೇಟು, ಇನ್ನೂರು ಡಾಲರ್, ಮುನ್ನೂರು ಡಾಲರ್. ಕೇಳೋದು ಯಾರು ಬೇಕಾದ್ರೂ ಕೇಳ್ಬೋದು, ನನ್ನ ಹಳೇ ಸ್ಪ್ಲೆಂಡರಿಗೂ ನಾನು ಎರಡು ಲಕ್ಷ ಕೇಳ್ಬೋದು. ನಾನು ಮೊಬೈಲಲ್ಲಿ ಇಬೇ ತೆಗೆದು ಮಾರಾಟ ಆಗಿರೋವು ಮಾತ್ರ ಅಂತ ಫಿಲ್ಟರ್ ಹಾಕಿ ತೋರಿಸ್ದೆ, ಅದರಲ್ಲಿ ಅವ್ರ ಪಟ್ಟಿಯ ಸುಮಾರು ಪುಸ್ತಕ ಕಾಣ್ಲೇ ಇಲ್ಲ, ಕಂಡಿದ್ದೂ ಕೇಳಿದ ಬೆಲೆಯ ಅರ್ಧಕ್ಕಿಂತ ಕೆಳಗೆ. "ಅದು ಅಲ್ಲಿಯ ರೇಟು ಸಾರ್, ಇಲ್ಲಿಗೆ ತರಿಸ್ಬೇಕಂದ್ರೆ ಶಿಪ್ಪಿಂಗ್ ಎಷ್ಟಾಗುತ್ತೆ ನೋಡಿ" ಅಂದ್ರು. ಅದೂ ನಿಜಾನೇ, ಕೇಸ್ ಸಮೇತ ಎರಡು ಕೇಜಿ ತೂಗೋ ಪುಸ್ತಕಕ್ಕೆ ಎಷ್ಟೋ ಸಲ ಪುಸ್ತಕಕ್ಕಿಂತ ಕೊರಿಯರ್ ಜಾಸ್ತಿ, ಮೇಲೆ 2019ರ ಬಜೆಟ್ಟಲ್ಲಿ ಹೊರದೇಶದ ಪುಸ್ತಕಕ್ಕೆ ಶೇಕಡ 5 ಕಸ್ಟಮ್ಸ್ ಬೇರೆ ಹಾಕಿದ್ರು. ಆದ್ರೆ ಅದೇ ಲೆಕ್ಕ ಉಲ್ಟಾನೂ ಆಗುತ್ತಲ್ವಾ, ನಾಳೆ ನಾನು ಮಾರ್ಬೇಕಂದ್ರೆ ಅಮೆರಿಕಕ್ಕೆ ಕಳ್ಸೋ ಖರ್ಚು ಯಾರ ತಲೆ ಮೇಲೆ? ತುಮಕೂರಲ್ಲಿ ಕೊಳ್ಳೋರು ಯಾರು, ನಾನು ಮತ್ತೆ ಮೇಷ್ಟ್ರು. ಮೇಷ್ಟ್ರು ಪೆನ್ಷನ್ನಲ್ಲಿ ಮಾತ್ರೆ ತಗೊಂಡು ಉಳಿದಿದ್ದಕ್ಕೆ ಫುಟ್‌ಪಾತ್ ಪುಸ್ತಕ ಕೊಳ್ಳೋರು.

ಇಷ್ಟೊತ್ತಿಗೆ ನಾನು ಬೀರು ಪಕ್ಕ ನೆಲದ ಮೇಲೆ ಇದ್ದ ರಟ್ಟಿನ ಡಬ್ಬ ಕೆದಕ್ತಾ ಇದ್ದೆ. ರದ್ದಿಗೆ ಅಂತ ಎತ್ತಿಟ್ಟಿದ್ದಂತೆ, ಹಳೇ ರೀಡರ್ಸ್ ಡೈಜೆಸ್ಟು, ಪಂಪ್‌ಸೆಟ್ ಮ್ಯಾನುಯಲ್ಲು, ಅದ್ರ ಕೆಳಗೆ ಆಂಡರ್ಸನ್. ಲಂಡನ್ನಿನ ಜಾರ್ಜ್ ಅಲೆನ್ ಅಂಡ್ ಅನ್ವಿನ್, 1954, ಮೊದಲ ಮುದ್ರಣ. ಜಾಕೆಟ್ (ರಟ್ಟಿನ ಮೇಲೆ ಹಾಕೋ ಕಾಗದದ ಹೊದಿಕೆ) ಇಲ್ಲ. ಬೆನ್ನು ಬಿಸಿಲಿಗೆ ಬಿಳಚ್ಕೊಂಡಿದೆ, ಕೆಳಗಿನ ಮೂಲೇಲಿ ಬೆಳ್ಳಗೆ ಮಿಂಚೋ ಆ ಪುಸ್ತಕದ ಹುಳ ಬಟ್ಟೆ ಕೆರೆದು ತಿಂದಿದೆ. ದೇವರಾಯನದುರ್ಗದ ಅಧ್ಯಾಯ ತೆಗೆದ್ರೆ ಅಂಚಲ್ಲಿ ಪೆನ್ಸಿಲಲ್ಲಿ ಕನ್ನಡದಲ್ಲಿ ಸಣ್ಣಗೆ ಬರ್ದಿದೆ, "ಈ ದಾರೀಲಿ ಅಪ್ಪನ ಜೊತೆ ನಡೆದಿದ್ದೆ". ಇನ್ನೊಂದು ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ, ಎರಡು ಸಲ ತಿದ್ದಿ ಒತ್ತಿ. ಯಜಮಾನ್ರಿಗೆ ಆಂಡರ್ಸನ್ ಹೇಳಿದ್ದು ಯಾವುದೋ ನಂಬಿಕೆ ಬಂದಿಲ್ಲ.

ಸುಮ್ನೆ ರದ್ದಿ ರೇಟಿಗೆ ಎತ್ಕೊಂಡು ಬರ್ಬೋದಿತ್ತು. ಮೇಷ್ಟ್ರು ಪಕ್ಕದಲ್ಲಿ ಇದ್ರಲ್ಲ, ಅವ್ರ ಮುಂದೆ ಅಂಥ ಆಟ ನಡೆಯಲ್ಲ. "ಅಮ್ಮಾ ಇದು ಬೆಲೆ ಬಾಳೋ ಪುಸ್ತಕ, ಜಾಕೆಟ್ ಇದ್ದಿದ್ರೆ ಇನ್ನೂ ಎಷ್ಟೋ ಪಟ್ಟು ಆಗೋದು, ಈಗ ಈ ಸ್ಥಿತೀಲಿ ನಾನು ನಾಲ್ಕೂವರೆ ಸಾವಿರ ಕೊಡ್ತೀನಿ" ಅಂದೆ. ಅಳಿಯಂಗೆ ತಲೆಬುಡ ಅರ್ಥ ಆಗ್ಲಿಲ್ಲ. ಚರ್ಮದ ಬೈಂಡಿಗೆ ಮೂಗು ಮುರಿದವ್ನು ಹುಳ ತಿಂದಿದ್ದಕ್ಕೆ ಕೇಳದೇನೇ ದುಡ್ಡು ಕೊಡ್ತಾ ಇದಾನೆ ಅಂದ್ರೆ ಇದ್ರಲ್ಲಿ ಏನೋ ಐತೆ ಅಂತ ಪುಸ್ತಕ ಈಸ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು, ಲ್ಯಾಪ್‌ಟಾಪಲ್ಲಿ ಹುಡುಕಿದ್ರು, ಜಾಕೆಟ್ ಇರೋ ಪ್ರತಿಯ ಬೆಲೆ ನೋಡಿ ಕಣ್ಣು ಅಗಲ ಮಾಡಿದ್ರು. ಅಲ್ಲಿಂದ ಇನ್ನೊಂದು ಗಂಟೆ ಚೌಕಾಸಿ. ನಂಬರ್ ಇಲ್ಲ, ಸೈನ್ ಇಲ್ಲ, ಕೇಸ್ ಇಲ್ಲ, ಆದ್ರೂ ಬೇಕು ಅನ್ನೋ ಜನ ಬೆಂಗಳೂರಿಂದ ಲಂಡನ್‌ವರೆಗೂ ಇದಾರೆ, ಇದೇ ಸಾರ್ ವ್ಯತ್ಯಾಸ ಅಂತ ನಾನು ಹೇಳಿದ್ದು ಅವ್ರ ತಲೆಗೆ ಹೋಯ್ತೋ ಇಲ್ವೋ, ಕೊನೆಗೆ ಅಮ್ಮನೋರೇ "ಕೊಡಪ್ಪಾ, ಓದೋ ಮನುಷ್ಯ" ಅಂತ ಆರು ಸಾವಿರಕ್ಕೆ ಮುಗಿಸಿದ್ರು.

ನಂಬರ್ ಹಾಕಿರೋದ್ರಲ್ಲೂ ಒಂದು ತಗೊಂಡೆ, ಪೂರ್ತಿ ವೈರಾಗ್ಯ ಏನಿಲ್ಲ ನಂಗೆ. ಕರಮೋಜೊ ಬೆಲ್ ಅಂತ ಹೆಸರಾಗಿದ್ದ ಸ್ಕಾಟ್ಲೆಂಡಿನ ಆನೆ ಬೇಟೆಗಾರಂದು, .275 ರಿಗ್ಬಿಯಂಥ ಸಣ್ಣ ರೈಫಲಲ್ಲಿ ಗುರಿ ಇಟ್ಟು ಮಿದುಳಿಗೇ ಹೊಡೀತಿದ್ದವ್ನು, ಸಾವಿರಕ್ಕೂ ಮೇಲೆ ಆನೆ ಕೊಂದವ್ನು. ದಂತಕ್ಕೋಸ್ಕರ. ಓದ್ತಾ ಓದ್ತಾ ಅವನ ಮೇಲೆ ಮೆಚ್ಚುಗೆ, ಅಸಹ್ಯ ಎರಡೂ ಒಟ್ಟಿಗೇ ಬರುತ್ತೆ, ಅದಕ್ಕೇ ಓದ್ಬೇಕು ಅನಿಸಿದ್ದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದ ನಮ್ಮಂಥವ್ರಿಗೆ ಬೇಟೆ ಅನ್ನೋದು ಕಾಗದದ ಮೇಲೆ ಮಾತ್ರ, ಅದು ಹಾಗೇ ಇರ್ಲಿ. ಮೂರು ಸಾವಿರ ಕೊಟ್ಟೆ, ಹಾಳೆ ಟಿಕ್ ಟಿಕ್ ಅನ್ನಿಸ್ಕೊಂಡು ಓದ್ತಾ ಇದೀನಿ, ಗಿಲ್ಟು ಬೆರಳಿಗೆ ಹತ್ಕೋತಿದೆ. ಸಂಗ್ರಹ ಮಾಡೋರು ಕೇಳಿದ್ರೆ ಬೈತಾರೆ.

ಮೇಷ್ಟ್ರಿಗೆ ಇದೂ ದುಂದೇ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋವಾಗ್ಲೂ ಬಿಡ್ಲಿಲ್ಲ, ಬೆಲ್ ಪುಸ್ತಕದ ಸಾದಾ ರೀಪ್ರಿಂಟ್ ಐನೂರಕ್ಕೆ ಸಿಗ್ತಿತ್ತು ಅಂತ. ಸಿಗ್ತಿತ್ತು, ಆ ಅಕ್ಷರ ಅವ್ರ ಕಣ್ಣಿಗೆ ಕಾಣ್ತಿರ್ಲಿಲ್ಲ ಅಷ್ಟೇ. ಈಗ ನನ್ನ ಪ್ರತಿಗೆ ಕಾಯ್ತಾ ಇದಾರೆ, ಎಷ್ಟು ಪುಟ ಆಯ್ತು ಅಂತ ದಿನಾ ಮೆಸೇಜು.

ಉಳಿದ ಪುಸ್ತಕಗಳು ಇನ್ನೂ ಎಸ್.ಎಸ್.ಪುರಂನಲ್ಲೇ ಇವೆ. ಹೋದ್ವಾರ ಅಳಿಯ ಫೋನ್ ಮಾಡಿ ಎಕ್ಸೆಲ್ ಶೀಟಿನ ಬೆಲೇಲಿ ಅರ್ಧ ಕಮ್ಮಿ ಮಾಡಿದೀನಿ ಅಂದ್ರು, ನಾನು ಇನ್ನರ್ಧ ಇಳಿಸಿ, ಬಿಡಿಬಿಡಿಯಾಗಿ ಮಾರಿ, ಮೊದಲ ಹಾಳೆ ಮತ್ತೆ ಕೇಸಿನ ಮೂಲೆಗಳ ಫೋಟೋ ಹಾಕಿ ಅಂದೆ. ಯೋಚನೆ ಮಾಡ್ತಾರಂತೆ. ಅಮ್ಮನೋರಿಗೆ ಮಾತ್ರ ಯುಗಾದಿ ಒಳಗೆ ಬೀರು ಖಾಲಿ ಆಗ್ಬೇಕು, ಮೊಮ್ಮಗಳ ಬಟ್ಟೆ ಇಡಕ್ಕೆ ಜಾಗ ಇಲ್ಲ.