‘ಬಿಟ್ಟೆ’ ಅನ್ನುವಾಗ ಉಳಿಯುವ ಒಂದಕ್ಷರ

ಭಾದ್ರಪದದಲ್ಲಿ ಗಣೇಶನ ಹಬ್ಬ ಆದ ಮಾರನೇ ದಿನ, ಪಂಚಮಿಗೆ, ಜೈನರ ದಶಲಕ್ಷಣ ಪರ್ವ ಶುರುವಾಗುತ್ತದೆ. ಅನಂತ ಚತುರ್ದಶಿವರೆಗೆ 10 ದಿನ, ದಿನಕ್ಕೊಂದು ಧರ್ಮ. ಮೊದಲ ದಿನ ಉತ್ತಮ ಕ್ಷಮೆ, ಎರಡನೇ ದಿನ ಉತ್ತಮ ಮಾರ್ದವ. ಮಾರ್ದವ ಅಂದರೆ ಮೆತ್ತಗಿರುವುದು, ಮೃದು ಅನ್ನುವ ಪದದಿಂದ ಬಂದದ್ದು. ಗರ್ವ ಬಿಡು ಅಂತ ಗದರಿಸದೆ ಮೆತ್ತಗಾಗು ಅಂತ ಹೇಳಿದ್ದಾರಲ್ಲ, ಅದು ನನಗೆ ತುಂಬಾ ಹಿಡಿಸಿತು.

ನಾನು ಜೈನರ ಮನೆಯಲ್ಲಿ ಹುಟ್ಟಿದವಳಲ್ಲ. ಈ ಪರ್ವವನ್ನು ನೋಡಿದ್ದು ಗೆಳತಿಯೊಬ್ಬಳ ಮನೆಯಲ್ಲಿ. ಹೋದ ವರ್ಷ ಅವಳು ಏಕಾಶನ ಹಿಡಿದಳು, ದಿನಕ್ಕೆ ಒಂದೇ ಹೊತ್ತು ಊಟ. ನಾನೂ ಏನಾದರೂ ವ್ರತ ಹಿಡಿಯಬೇಕು ಅನ್ನಿಸಿತು. ಊಟ ಬಿಡುವುದು ನನಗೆ ಅಂಥ ಕಷ್ಟವಲ್ಲ. ಕಷ್ಟವಾದದ್ದನ್ನೇ ಬಿಡೋಣ ಅಂತ, 10 ದಿನ ‘ನಾನು’ ಅನ್ನುವ ಪದ ಬಾಯಲ್ಲಿ ಬರಬಾರದು ಅಂತ ನಿಶ್ಚಯ ಮಾಡಿದೆ. ನಾನು, ನನ್ನ, ನನಗೆ, ಯಾವುದೂ ಇಲ್ಲ.

ಮೊದಲ ಎರಡು ದಿನ ಸಲೀಸಾಗಿ ಹೋಯಿತು. ನಮ್ಮ ಭಾಷೆಯಲ್ಲಿ ಅದು ಸುಲಭ ಅಲ್ವಾ? ‘ಬಂದೆ’ ಅಂದರೆ ಸಾಕು, ‘ನಾನು ಬಂದೆ’ ಅನ್ನಬೇಕಾಗಿಲ್ಲ. ಅಡುಗೆ ಮಾಡಿದೆ, ಬಾಗಿಲು ಹಾಕಿದೆ, ಆಮೇಲೆ ಫೋನ್ ಮಾಡ್ತೀನಿ, ಎಲ್ಲವೂ ನಡೆಯುತ್ತದೆ. ಮೂರನೇ ದಿನ ರಾತ್ರಿ ಗೆಳತಿಗೆ ಹೇಳುತ್ತಿದ್ದೆ, ‘ಮೂರು ದಿನ ಆಯ್ತು ನೋಡೇ, ಪೂರ್ತಿ ಬಿಟ್ಟೆ’ ಅಂತ. ಹೇಳಿದ ಮೇಲೆ ಆ ಮಾತೇ ಕಿವಿಯಲ್ಲಿ ಉಳಿದುಕೊಂಡಿತು. ಬಿಟ್ಟೆ. ಬಿಟ್ಟ, ಬಿಟ್ಟಳು, ಬಿಟ್ಟರು, ಬಿಟ್ಟೆ. ಕೊನೆಯ ಆ ‘ಎ’ ಇದೆಯಲ್ಲ, ಅದರಲ್ಲಿ ನಾನು ಹಾಗೇ ಕೂತಿದ್ದೇನೆ. ಮುಂಬಾಗಿಲಿಂದ ಕಳಿಸಿದ್ದು ಹಿತ್ತಲ ಬಾಗಿಲಿಂದ ಬಂದು ಒಳಗೆ ಕೂತಿದೆ, ಅದೂ ‘ಬಿಟ್ಟೆ’ ಅನ್ನುವ ಮಾತಿನಲ್ಲೇ.

ಆಮೇಲಿನ ಏಳು ದಿನ ಇನ್ನೂ ಕಷ್ಟವಾಯಿತು. ಬೇರೆಯವರು ಎಷ್ಟು ಸಲ ‘ನಾನು’ ಅಂತಾರೆ ಅಂತ ಕಿವಿ ಎಣಿಸುವುದಕ್ಕೆ ಶುರು ಮಾಡಿತು. ಮನೆಗೆ ಬಂದ ನೆಂಟರು ಕೂತು ಮಾತಾಡುತ್ತಿದ್ದರೆ, ಅವರ ಕಷ್ಟಸುಖ ಕೇಳಿಸಿಕೊಳ್ಳುವುದು ಬಿಟ್ಟು ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು. ಅವರ ಮಾತಲ್ಲಿ ‘ನಾನು’ ಜಾಸ್ತಿ ಆದಷ್ಟೂ ನನಗೆ ಒಳಗೊಳಗೇ ಒಂದು ನೆಮ್ಮದಿ. ಇದನ್ನು ಬರೆಯುವುದಕ್ಕೆ ಈಗಲೂ ಮನಸ್ಸಿಗೆ ಹಿಂಸೆಯಾಗುತ್ತದೆ. ಗೆಳತಿಗೆ ಹೇಳಿದೆ. ಅವಳು ಬೇರೇನೂ ಹೇಳಲಿಲ್ಲ, ‘ಬೆಳಗೊಳಕ್ಕೆ ಹೋಗಿ ಬಾ. ಅಲ್ಲಿ ನಿಂತವನಿಗೂ ಹೀಗೇ ಆಗಿತ್ತು’ ಅಂದಳು.

ಪರ್ವ ಮುಗಿದ ಮುಂದಿನ ವಾರ ಶ್ರವಣಬೆಳಗೊಳಕ್ಕೆ ಹೋದೆ, ಒಬ್ಬಳೇ.

ಬೆಳಿಗ್ಗೆ ಹನಿ ಮಳೆ ಬಂದು ನಿಂತಿತ್ತು. ವಿಂಧ್ಯಗಿರಿಗೆ, ಊರವರು ದೊಡ್ಡಬೆಟ್ಟ ಅನ್ನುತ್ತಾರೆ, ಚಪ್ಪಲಿ ಬಿಟ್ಟು ಹತ್ತಬೇಕು. ಬಂಡೆಯಲ್ಲೇ ಕಡಿದ ಮೆಟ್ಟಿಲು, 600ಕ್ಕೂ ಜಾಸ್ತಿ. ಎಷ್ಟೋ ನೂರು ವರ್ಷ ಕಾಲು ಬಿದ್ದು ಬಿದ್ದು ಮೆಟ್ಟಿಲ ನಡುಭಾಗ ನುಣುಪಾಗಿದೆ, ಅಲ್ಲಿ ಸ್ವಲ್ಪ ಸ್ವಲ್ಪ ಮಳೆನೀರು ನಿಂತಿತ್ತು. ನನ್ನ ಮುಂದೆ ವಯಸ್ಸಾದ ಅಜ್ಜಿಯೊಬ್ಬರು ಹತ್ತುತ್ತಿದ್ದರು. ಹತ್ತುವುದು ಅನ್ನುವುದಕ್ಕಿಂತ, ಒಂದು ಮೆಟ್ಟಿಲ ಮೇಲೆ ಕೂತು, ಕೈ ಊರಿ, ಮೇಲಿನ ಮೆಟ್ಟಿಲಿಗೆ ಮೈಯನ್ನು ಎತ್ತಿಟ್ಟು ಮತ್ತೆ ಕೂರುವುದು. ಡೋಲಿಯವರು ಕೇಳಿದರೆ ಬೇಡ ಅಂತ ಕೈಯಾಡಿಸಿದರು. ನಾನು ದಾಟಿಕೊಂಡು ಮುಂದೆ ಹೋದೆ.

ಮೇಲೆ ಹೋಗಿ ಪ್ರಾಂಗಣದಲ್ಲಿ ಕೂತಾಗ ಮೊದಲು ಏನೂ ತೋಚಲಿಲ್ಲ. 58 ಅಡಿ ಎತ್ತರದ ಒಂದೇ ಕಲ್ಲಿನ ಮೂರ್ತಿ, ಉತ್ತರಕ್ಕೆ ಮುಖ ಮಾಡಿ ನಿಂತಿದೆ, ತೊಡೆಯಿಂದ ಮೇಲೆ ಹಿಂದಿನಿಂದ ಯಾವ ಆಸರೆಯೂ ಇಲ್ಲ. ಚಿತ್ರದಲ್ಲಿ ಎಷ್ಟೋ ಸಲ ನೋಡಿರುತ್ತೇವೆ. ಚಿತ್ರದಲ್ಲಿ ನಮ್ಮ ಕಣ್ಣು ಸೀದಾ ಮುಖಕ್ಕೆ ಹೋಗುತ್ತದೆ. ಎದುರಿಗೆ ಕೂತರೆ ಹಾಗಲ್ಲ, ಕಣ್ಣಿಗೆ ಮೊದಲು ಸಿಗುವುದು ಕಾಲು. ಕಾಲ ಪಕ್ಕದಲ್ಲಿ ಹುತ್ತ, ಹುತ್ತದಿಂದ ತಲೆ ಹಾಕಿದ ಹಾವು, ಅಲ್ಲಿಂದ ಹೊರಟ ಮಾಧವಿ ಬಳ್ಳಿ ತೊಡೆ ಸುತ್ತಿ, ತೋಳಿನವರೆಗೂ ಹಬ್ಬಿದೆ. ಬಳ್ಳಿಯ ಒಂದೊಂದು ಎಲೆಯನ್ನೂ ಬಿಡಿಸಿದ್ದಾರೆ. ಅಷ್ಟು ದೊಡ್ಡ ಮೈಯ ಮೇಲೆ ಅಷ್ಟು ಸಣ್ಣ ಎಲೆ. ಮಳೆನೀರು ಒಂದು ಎಲೆಯ ತುದಿಯಲ್ಲಿ ಕೂಡಿಕೊಂಡು, ತುಂಬಾ ಹೊತ್ತು ನಿಂತು, ಆಮೇಲೆ ಕೆಳಗೆ ಬಿತ್ತು.

ಬಾಹುಬಲಿಯ ಕಥೆ ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಅದರ ಕೊನೆಯ ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ. ಅಣ್ಣ ಭರತ ಚಕ್ರವರ್ತಿ, ಎಲ್ಲರೂ ಅವನಿಗೆ ತಲೆಬಾಗಬೇಕು. ತಮ್ಮ ಒಪ್ಪಲಿಲ್ಲ. ಸೈನ್ಯದವರು ಸುಮ್ನೆ ಯಾಕೆ ಸಾಯಬೇಕು ಅಂತ ಇಬ್ಬರೇ ಸೆಣಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ಬಾಹುಬಲಿಯೇ ಗೆದ್ದ. ಸೋತ ಅಣ್ಣ ಸಿಟ್ಟಿಗೆ ಚಕ್ರ ಬಿಟ್ಟರೆ ಅದು ತಮ್ಮನಿಗೆ ಏನೂ ಮಾಡಲಿಲ್ಲ. ಆ ಗಳಿಗೆಯಲ್ಲಿ, ಗೆದ್ದು ನಿಂತಿದ್ದಾಗಲೇ, ಅವನಿಗೆ ಎಲ್ಲಾ ಸಾಕು ಅನ್ನಿಸಿತು. ರಾಜ್ಯ ಅಣ್ಣನಿಗೇ ಬಿಟ್ಟು ಕಾಡಿಗೆ ಹೋಗಿ ನಿಂತುಬಿಟ್ಟ. ಈ ನಿಲುವಿಗೆ ಕಾಯೋತ್ಸರ್ಗ ಅನ್ನುತ್ತಾರೆ, ಕಾಯವನ್ನು ಬಿಡುವುದು, ಅಂದರೆ ಈ ಮೈ ನನ್ನದು ಅನ್ನುವುದನ್ನು ಬಿಟ್ಟು ನಿಲ್ಲುವುದು. ಒಂದು ವರ್ಷ ನಿಂತ. ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು.

ಆದರೂ ಕೇವಲಜ್ಞಾನ, ಎಲ್ಲವನ್ನೂ ತಿಳಿಯುವ ಆ ಪೂರ್ಣ ಅರಿವು, ಬರಲಿಲ್ಲ.

ನಮ್ಮ ಕಡೆ ಹೇಳುವ ಕಥೆಯಲ್ಲಿ ಇದಕ್ಕೆ ಕಾರಣ ಒಂದು ಶಲ್ಯ, ಒಂದು ಮುಳ್ಳು. ‘ನಾನು ನಿಂತಿರುವುದು ಭರತನ ನೆಲದ ಮೇಲೆ’ ಅನ್ನುವ ನೆನಪು. ರಾಜ್ಯ ಹೋಗಿತ್ತು, ಬಟ್ಟೆ ಹೋಗಿತ್ತು, ಹಸಿವು ನಿದ್ದೆ ಹೋಗಿತ್ತು, ಹಾವು ಮೈಮೇಲೆ ಹರಿದರೂ ಗೊತ್ತಾಗದ ಹಾಗಾಗಿತ್ತು, ಅಂಗಾಲಿನ ಕೆಳಗಿನ ಎರಡು ಅಡಿ ಜಾಗದಲ್ಲಿ ಮಾತ್ರ ಆ ಮುಳ್ಳು ಉಳಿದಿತ್ತು. ನನಗೆ ಅಲ್ಲಿ ಕೂತು ಈ ಕಥೆ ನೆನಪಾದಾಗ ಮೈ ಜುಮ್ಮೆಂದಿತು. ಬಿಟ್ಟೆ ಅನ್ನುವ ಮಾತಿನ ‘ಎ’ ಅಂದರೆ ಇದೇ ಅಲ್ವಾ. ಯಾರ ನೆಲ ಅನ್ನುವ ಲೆಕ್ಕ ಉಳಿದಿದ್ದರೆ ಬಿಟ್ಟವನೂ ಒಬ್ಬ ಉಳಿದಿದ್ದಾನೆ ಅಂತಲೇ ಅರ್ಥ.

ಆ ಮುಳ್ಳು ಹೋದದ್ದು ಹೇಗೆ ಅನ್ನುವುದು ಇನ್ನೂ ದೊಡ್ಡದು. ಇನ್ನೊಂದು ವರ್ಷ ನಿಂತದ್ದರಿಂದ ಅಲ್ಲ. ಭರತ ತಾನೇ ಬಂದು ತಮ್ಮನ ಕಾಲಿಗೆ ಬಿದ್ದು ಪೂಜೆ ಮಾಡಿದ. ಆಗ ಹೋಯಿತು. ಜೈನರ ಇನ್ನೊಂದು ಪಂಗಡವಾದ ಶ್ವೇತಾಂಬರರ ಕಥೆಯಲ್ಲಿ ತಂಗಿಯರು ಬ್ರಾಹ್ಮಿ ಮತ್ತು ಸುಂದರಿ ಬಂದು, ‘ಅಣ್ಣಾ, ಆನೆ ಮೇಲಿಂದ ಇಳಿ’ ಅಂತಾರೆ. ಬರೀ ನೆಲದ ಮೇಲೆ ನಿಂತವನಿಗೆ ಆನೆ ಎಲ್ಲಿಂದ ಬಂತು? ತನಗಿಂತ ಮೊದಲೇ ದೀಕ್ಷೆ ತಗೊಂಡ ಚಿಕ್ಕ ತಮ್ಮಂದಿರಿಗೆ ತಾನು ಕೈಮುಗಿಯಬೇಕಾಗುತ್ತದೆ ಅಂತ ಅವನು ಅವರಿದ್ದಲ್ಲಿಗೆ ಹೋಗದೆ ನಿಂತಿರುತ್ತಾನೆ, ಆ ಹಿರಿತನವೇ ಆನೆ. ಅರ್ಥವಾಗಿ, ಹೋಗೋಣ ಅಂತ ಒಂದು ಹೆಜ್ಜೆ ಎತ್ತುತ್ತಾನೆ, ಅಷ್ಟಕ್ಕೇ ಜ್ಞಾನ ಬರುತ್ತದೆ. ಎರಡು ಕಥೆಯಲ್ಲೂ ಮುಳ್ಳು ತೆಗೆದದ್ದು ಒಡಹುಟ್ಟಿದವರು. ತನ್ನ ಅಂಗಾಲಿನ ಮುಳ್ಳನ್ನು ನಿಂತುಕೊಂಡೇ ತಾನೇ ತೆಗೆಯುವುದಕ್ಕೆ ಆಗುವುದಿಲ್ಲ. ನಾನು 10 ದಿನ ಮಾಡಲು ಹೋದದ್ದು ಅದನ್ನೇ.

ಗೆಳತಿ ಒಮ್ಮೆ ವಿವರಿಸಿದ್ದಳು. ‘ನಾನು’ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಹೋದ ಮೇಲೆ ಏನು ಉಳಿಯುತ್ತದೆ ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅದ್ವೈತದವರು ಇರುವುದು ಒಂದೇ ಅಂತಾರೆ. ಬೌದ್ಧರು ಹುಡುಕಿದರೂ ಆತ್ಮ ಅಂತ ಸಿಗುವುದಿಲ್ಲ ಅಂತಾರೆ. ಜೈನರು ಪ್ರತಿ ಜೀವಕ್ಕೂ ಅದರದೇ ಆತ್ಮ ಇದೆ, ಮೋಕ್ಷ ಆದ ಮೇಲೂ ಅದು ಇರುತ್ತದೆ, ಹೋಗಬೇಕಾದ್ದು ಅದಕ್ಕೆ ಅಂಟಿದ ಕರ್ಮ ಅಂತಾರೆ. ಅಂಟಿಸುವ ಜಿಗುಟಿಗೆ ಅವರ ಹೆಸರು ಕಷಾಯ. ಕ್ರೋಧ, ಮಾನ, ಮಾಯೆ, ಲೋಭ, ನಾಲ್ಕು. ಒದ್ದೆ ಬಟ್ಟೆಗೆ ಧೂಳು ಹಿಡಿಯುವ ಹಾಗೆ ಅಂತ ಉದಾಹರಣೆ ಕೊಡುತ್ತಾರೆ. ಒಣಗಿದ ಬಟ್ಟೆ ಕೊಡವಿದರೆ ಸಾಕು. ಇದರಲ್ಲಿ ಯಾರು ಸರಿ ಅಂತ ಹೇಳುವ ಓದು ನನಗಿಲ್ಲ. ಆದರೆ ನನ್ನನ್ನೇ ನಾನು ಅಳಿಸಿಹಾಕಬೇಕು ಅಂತ ಹೊರಟಿದ್ದವಳಿಗೆ, ಅಳಿಸುವುದು ಬೇಡ, ಒಣಗಲಿ ಬಿಡು ಅನ್ನುವ ಮಾತು ತುಂಬಾ ಸಮಾಧಾನ ಕೊಟ್ಟಿತು.

ಬಾಗಿಲ ಆಚೆ ಗುಳ್ಳಕಾಯಜ್ಜಿಯ ಮೂರ್ತಿ ಇದೆ. ಅದರ ಮುಂದೆ ತುಂಬಾ ಹೊತ್ತು ನಿಂತೆ. ಗಂಗರ ಮಂತ್ರಿ ಚಾವುಂಡರಾಯ ಈ ಬಾಹುಬಲಿಯನ್ನು ಕಡೆಸಿದ್ದು ಕ್ರಿ.ಶ. 981ರ ಸುಮಾರಿಗೆ. ಅವನ ತಾಯಿ ಕಾಳಲಾದೇವಿಗೆ ಬಾಹುಬಲಿಯ ದರ್ಶನ ಆಗುವ ತನಕ ಹಾಲು ಮುಟ್ಟುವುದಿಲ್ಲ ಅನ್ನುವ ವ್ರತ ಇತ್ತು ಅಂತ ಕಥೆ. ಕೆಲಸ ಮುಗಿದು ಮೊದಲ ಅಭಿಷೇಕಕ್ಕೆ ನಿಂತಾಗ ಕೊಡಗಟ್ಟಲೆ ಹಾಲು ಸುರಿದರೂ ತೊಡೆಯಿಂದ ಕೆಳಗೆ ಇಳಿಯಲಿಲ್ಲವಂತೆ. ಇಷ್ಟು ದೊಡ್ಡದನ್ನು ಮಾಡಿಸಿದೆ ಅನ್ನುವ ಹೆಮ್ಮೆ ಅವನ ಮನಸ್ಸಲ್ಲಿ ಇಣುಕಿತ್ತು. ಆಮೇಲೆ ಒಬ್ಬ ಮುದುಕಿ ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಒಂದಿಷ್ಟು ಹಾಲು ಹಾಕಿದಳು, ಅದು ಪಾದ ತೋಯಿಸಿ ಬೆಟ್ಟದಿಂದ ಕೆಳಗೆ ಹರಿಯಿತು. ಕೂಷ್ಮಾಂಡಿನಿ ದೇವಿಯೇ ಆ ರೂಪದಲ್ಲಿ ಬಂದಿದ್ದಳು ಅಂತ ನಂಬಿಕೆ. ಹಾಲು ಬಿಟ್ಟ ತಾಯಿ, ಹಾಲು ಇಳಿಯದ ಮಗ, ಚಿಪ್ಪಿನಷ್ಟು ಹಾಲು ತಂದ ಅಜ್ಜಿ. ಚಾವುಂಡರಾಯನ ಮೇಲೆ ನನಗೆ ಗೌರವ ಬಂದದ್ದು ಇಲ್ಲೇ. ತನಗೆ ಪಾಠ ಕಲಿಸಿದ ಅಜ್ಜಿಯ ಮೂರ್ತಿಯನ್ನು ಅವನೇ ಮಾಡಿಸಿ ಇಡಿಸಿದ ಅಂತಲೂ ಹೇಳುತ್ತಾರೆ.

ಮೂರ್ತಿಯ ಕಾಲಬಳಿ ಹಳಗನ್ನಡದಲ್ಲಿ ಒಂದು ಸಾಲಿದೆ, ‘ಶ್ರೀ ಚಾವುಣ್ಡರಾಜಂ ಮಾಡಿಸಿದಂ’. ಚಾವುಂಡರಾಯ ಮಾಡಿಸಿದ, ಅಷ್ಟೇ. ಮಾಡಿಸಿದೆನ್ ಅಂತ ಇಲ್ಲ. ಶಾಸನ ಬರೆಯುವ ರೂಢಿಯೇ ಹಾಗೆ ಅಂತ ಬಲ್ಲವರು ಹೇಳಬಹುದು, ಇರಲಿ, ಆವತ್ತು ನನ್ನ ಕಣ್ಣಿಗೆ ಮಾತ್ರ ಆ ಕೊನೆಯ ಅಕ್ಷರವೇ ಬಿತ್ತು.

ಕಣ್ಣು ಮುಚ್ಚಿ ಣಮೋಕಾರ ಹೇಳಿಕೊಂಡೆ. ಗೆಳತಿ ಕಲಿಸಿದ್ದು. ಅರಿಹಂತರಿಗೆ, ಸಿದ್ಧರಿಗೆ, ಆಚಾರ್ಯರಿಗೆ, ಉಪಾಧ್ಯಾಯರಿಗೆ, ಲೋಕದ ಎಲ್ಲಾ ಸಾಧುಗಳಿಗೆ ನಮಸ್ಕಾರ. ಇಷ್ಟೇ ಮಂತ್ರ. ಯಾರೊಬ್ಬರ ಹೆಸರೂ ಇಲ್ಲ, ಇದು ಕೊಡು ಅದು ಕೊಡು ಅನ್ನುವ ಬೇಡಿಕೆಯೂ ಇಲ್ಲ. ಕೈ ಮುಗಿಯುವವಳು ಯಾರು ಅಂತಲೂ ಅದರಲ್ಲಿ ಇಲ್ಲ, ಬರೀ ನಮಸ್ಕಾರ ಇದೆ. ಎಷ್ಟು ಹೊತ್ತು ಹೇಳಿಕೊಂಡೆನೋ. ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು, ಆ ಅಜ್ಜಿ ನನ್ನ ಪಕ್ಕದಲ್ಲೇ ಕೂತಿದ್ದರು, ಯಾವಾಗ ಬಂದರೋ ಗೊತ್ತಾಗಲಿಲ್ಲ. ಸೀರೆಯ ಹಿಂಭಾಗ ಪೂರ್ತಿ ಒದ್ದೆ, ಅಂಗೈಯಲ್ಲಿ ಮರಳು ಅಂಟಿತ್ತು. ಮೇಲೆ ಮುಖ ನೋಡುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುತ್ತಲೂ ಇರಲಿಲ್ಲ. ಮೆಟ್ಟಿಲಲ್ಲಿ ಇವರನ್ನು ದಾಟಿ ಬಂದದ್ದು ನೆನಪಾಗಿ ಎದೆ ಹಿಂಡಿದ ಹಾಗಾಯಿತು.

ಎದುರಿನ ಚಿಕ್ಕಬೆಟ್ಟ ಕಾಣುತ್ತಿತ್ತು, ಚಂದ್ರಗಿರಿ. ಸಲ್ಲೇಖನದಿಂದ, ಅಂದರೆ ವ್ರತ ಹಿಡಿದು ಮೆಲ್ಲಮೆಲ್ಲಗೆ ಅನ್ನನೀರು ಬಿಡುತ್ತಾ, ದೇಹ ಬಿಟ್ಟವರ ಶಾಸನಗಳು ಆ ಬಂಡೆಯ ಮೇಲೆ ತುಂಬಾ ಇವೆ. ನಂದಿಸೇನ ಅನ್ನುವ ಮುನಿಯ ಶಾಸನ ಒಂದಿದೆ, ಸುಮಾರು 7ನೇ ಶತಮಾನದ್ದು. ರೂಪ, ಹಣ, ವೈಭವ ಎಲ್ಲಾ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ತೋರಿ ಬೇಗ ಕರಗುತ್ತವೆ ಅನ್ನುವ ಅರ್ಥದ ಪದ್ಯ. ಆ ಬೆಟ್ಟಕ್ಕೂ ಹೋಗಬೇಕು ಅಂತ ಬಂದಿದ್ದೆ. ಹೋಗಲಿಲ್ಲ.

ಅಜ್ಜಿ ಏಳುವುದಕ್ಕೆ ಕೈ ಊರಿದಾಗ ನನ್ನ ಕೈ ಕೊಟ್ಟೆ. ಹಿಡಿದುಕೊಂಡರು, ಬಿಡಲಿಲ್ಲ. ಇಬ್ಬರೂ ಇಳಿಯುವುದಕ್ಕೆ ಶುರು ಮಾಡಿದೆವು, ಅವರು ಕೂತು ಕೂತು, ನಾನು ಒಂದೊಂದೇ ಮೆಟ್ಟಿಲು ಕೆಳಗೆ ನಿಂತು ನಿಂತು. ಅರ್ಧ ದಾರಿಯಲ್ಲಿ ಉಸಿರು ತಗೊಳ್ಳುವುದಕ್ಕೆ ಕೂತಾಗ ಅವರು ನನ್ನ ಮುಖ ನೋಡಿ ಕೇಳಿದರು.

‘ದರ್ಶನ ಆಯ್ತೇನವ್ವ?’

‘ಆಯ್ತಜ್ಜಿ.’

‘ಹಂಗಾರೆ ನಿಧಾನಕ್ಕೆ ಇಳಿಯವ್ವ, ಕಲ್ಲು ಇನ್ನೂ ಒದ್ದೆ ಅದೆ’ ಅಂದರು.